ಕಾರ್‌ಶೆಡ್ಡಿನ ಲೇತ್ ಯಜಮಾನರು

ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮಷೀನ್ ಟೂಲ್ಸ್, ಅಂದರೆ ಜನರ ಬಾಯಲ್ಲಿ ಎಚ್‌ಎಂಟಿ, ಕೈಗಡಿಯಾರದಿಂದಲೇ ಮನೆಮಾತಾಗಿದ್ದರೂ, ಗಡಿಯಾರದ ಘಟಕ ಅಲ್ಲಿಗೆ ಬಂದದ್ದು 1961ರಲ್ಲಿ, ಅದಕ್ಕೂ ಮುಂಚೆಯೇ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ ಲೇತುಗಳು ತಯಾರಾಗುತ್ತಿದ್ದವು ಎಂಬುದನ್ನು ಕೇಳಿದವರಿಗೂ ಕೇಳದವರಿಗೂ ತಿಳಿಸುವ ನಿವೃತ್ತರ ವರ್ಗವೊಂದು ವಿದ್ಯಾರಣ್ಯಪುರ, ಯಲಹಂಕ, ಆರ್.ಟಿ. ನಗರಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಲೇತ್ ಎಂದರೆ ಲೋಹದ ತುಂಡನ್ನು ಚಕ್ ಎಂಬ ಹಿಡಿಯಲ್ಲಿ ಕಚ್ಚಿಸಿ, ಗರಗರ ತಿರುಗಿಸುತ್ತ, ಹರಿತವಾದ ಟೂಲಿನಿಂದ ಕಡೆಯುವ ಯಂತ್ರ; ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಯಂತ್ರಕ್ಕೆ ಇದು ಬೀಡುಕಬ್ಬಿಣದ ದೊಡ್ಡಣ್ಣ. ನಿವೃತ್ತಿಯಾದವರು ಕಾಶಿಗೆ ಹೋಗುವುದು ವಾಡಿಕೆಯಾದರೆ, ಈ ಯಜಮಾನರು ಕಾರ್ಖಾನೆಗಳ ಪೀಣ್ಯಕ್ಕೆ ಹೋಗಿ, ಗುಜರಿಗೆ ಬೀಳಲಿದ್ದ ಹಳೆಯ ಲೇತೊಂದನ್ನು ಉದ್ಧರಿಸಿ ತರುತ್ತಾರೆ.

ಕ್ರೇನು ಅದನ್ನು ಗೇಟಿನವರೆಗೆ ಮಾತ್ರ ತಲುಪಿಸುತ್ತದೆ. ಗೇಟಿನಿಂದ ಕಾರ್‌ಶೆಡ್ಡಿಗಿರುವ ಇಪ್ಪತ್ತು ಅಡಿಗಳಲ್ಲಿಯೇ ಯಜಮಾನರ ವ್ಯಕ್ತಿತ್ವ ಪೂರ್ಣವಾಗಿ ಅರಳುವುದು. ಮೋಟಾರು, ಗೇರುಗಳಿರುವ ಎಡತುದಿಗೆ, ಅಂದರೆ ಹೆಡ್‌ಸ್ಟಾಕಿನ ಕಡೆಗೆ, ಭಾರ ಹೆಚ್ಚಾದ್ದರಿಂದ ಯಂತ್ರ ಅತ್ತಲೇ ವಾಲುತ್ತದೆಂದೂ, ಟೂಲು ಹಿಡಿಯುವ ಕ್ಯಾರೇಜನ್ನು ಬಲತುದಿಗೆ ಸರಿಸಿ ತೂಕ ಸರಿದೂಗಿಸಬೇಕೆಂದೂ, ಹಗ್ಗ ಲೀಡ್‌ಸ್ಕ್ರೂವಿಗೆ, ಅಂದರೆ ಕ್ಯಾರೇಜನ್ನು ನಡೆಸುವ ಉದ್ದನೆಯ ತಿರುಪಿಗೆ, ಸೋಕಕೂಡದೆಂದೂ ಅವರು ಹಮಾಲಿಗಳಿಗೆ ಉಪನ್ಯಾಸ ನೀಡುತ್ತಾರೆ. ಹಾರೆಯಿಂದ ಮೀಟಿ, ಕೆಳಗೆ ಕಬ್ಬಿಣದ ಪೈಪುಗಳನ್ನು ತೂರಿಸಿ, ಹಿಂದೆ ಉಳಿದ ಪೈಪನ್ನು ಮತ್ತೆ ಮುಂದಕ್ಕೆ ಇಡುತ್ತ ಉರುಳಿಸುವ ಈ ವಿದ್ಯೆಯನ್ನು ಹಮಾಲಿಗಳು ಉಪನ್ಯಾಸವಿಲ್ಲದೆಯೇ ಬಲ್ಲರು.

“ಸಾರ್, ಕಾಲು ತೆಗೀರಿ, ಆ ಕಡೆ ನಿಂತ್ಕೊಳ್ಳಿ,” ಎಂಬುದು ಅವರ ಏಕೈಕ ಪ್ರತಿಕ್ರಿಯೆ.

“ರೀ, ರುಬ್ಬೋ ಕಲ್ಲು ಹಿತ್ತಲಿಗೆ ಸಾಗಿಸಿ ಅಂದಾಗ ಸೊಂಟ ನೋವು ಅಂದಿದ್ರಲ್ಲ?” ಎಂಬ ಪ್ರಶ್ನೆ ಅಡುಗೆಮನೆಯ ಕಿಟಕಿಯಿಂದ ಬರುತ್ತದೆ. ಉತ್ತರ ದಾಖಲಾಗಿಲ್ಲ.

ನಿಂಬೆಹಣ್ಣು, ಕುಂಕುಮ, ತೆಂಗಿನಕಾಯಿಗಳ ವಿಧಿ ಬೇಗ ಮುಗಿಯುತ್ತದೆ. ಮುಗಿಯದೇ ಉಳಿಯುವುದು ಲೆವೆಲಿಂಗ್. ಕ್ಯಾರೇಜು ಜಾರುವ ಹಳಿಯಂತಹ ಭಾಗಕ್ಕೆ ಬೆಡ್ಡು ಎಂದು ಹೆಸರು. ಅದು ಕೂದಲೆಳೆಯಷ್ಟು ತಿರುಚಿಕೊಂಡರೂ ಕಡೆದ ಸಲಾಕೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣದಾಗಿ ಬರುವುದರಿಂದ, ಮೀಟರಿಗೆ 0.02 ಮಿಲಿಮೀಟರಿನಷ್ಟು ಏರುಪೇರನ್ನೂ ತೋರಿಸುವ ಮಟ್ಟಗೋಲನ್ನು ಅಡ್ಡಡ್ಡಲಾಗಿ ಎರಡೂ ತುದಿಗಳಲ್ಲಿ ಇಟ್ಟು, ಕಾಲುಗಳಡಿಗೆ ಶಿಮ್ ಎಂಬ ತೆಳುತಗಡಿನ ಚೂರುಗಳನ್ನು ತುರುಕುತ್ತ, ಯಜಮಾನರು ಅಂಗಾತ, ಬೋರಲು, ಮಗ್ಗುಲು ಎಂಬ ಮೂರೂ ಭಂಗಿಗಳಲ್ಲಿ ದಿನ ಕಳೆಯುತ್ತಾರೆ. ಲೇತಿನಡಿಯ ಹೊಸ ಕಾಂಕ್ರೀಟು ಕೂರುವವರೆಗೆ ಮಟ್ಟಗೋಲಿನ ಗುಳ್ಳೆ ಕದಲುವುದು ಸಹಜವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಬೀದಿಯಲ್ಲಿ ನೀರಿನ ಟ್ಯಾಂಕರು ಹಾದರೆ ಊಟದ ಎಲೆಯಿಂದೆದ್ದು ಹೋಗಿ ನೋಡುವುದುಂಟು. ಗುಳ್ಳೆ ನಡುವೆ ನಿಂತ ದಿನ ಅದೇ ಮಟ್ಟಗೋಲು ಊಟದ ಮೇಜು, ದೇವರ ಮಂಟಪ, ಮಂಚಗಳ ಮೇಲೂ ಸಂಚರಿಸಿ, ಮೂವತ್ತು ವರ್ಷ ಸಂಸಾರ ನಡೆದ ಮನೆಯಲ್ಲಿ ಲೇತೊಂದನ್ನು ಬಿಟ್ಟು ಮತ್ತೇನೂ ಸಮವಾಗಿಲ್ಲವೆಂದು ಸಾರುತ್ತದೆ.

ಇಷ್ಟಾಗಿ ಆ ಲೇತಿನಲ್ಲಿ ಮೊದಲು ತಯಾರಾಗುವುದು ಹಿತ್ತಾಳೆಯ ಲಟ್ಟಣಿಗೆ. ಅದು ಎತ್ತಲಾರದಷ್ಟು ಭಾರವಾದ್ದರಿಂದ ಚಪಾತಿ ಮರದ ಹಳೆಯದರಲ್ಲಿಯೇ ಮುಂದುವರಿಯುತ್ತದೆ. ಇಂಥವರ ಮನೆಗೆ ಹೋಗುವ ಓದುಗರು ಲೇತನ್ನು ಎಷ್ಟು ಬೇಕಾದರೂ ಹೊಗಳಬಹುದು, ಕಾಫಿ ಲೋಟವನ್ನು ಮಾತ್ರ ಬೆಡ್ಡಿನ ಮೇಲೆ ಇಡಬಾರದು.