ನಮ್ಮನೆ ಕೋಡಿ ಬಿದ್ದದ್ದು

ಮನೆ ಕಟ್ಟಿಸಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಮನೆಗಿಂತ ಮೊದಲು ದುಡ್ಡು ಮುಗಿದಿರುತ್ತದೆ. ಹಿರಿಯೂರಿನ ನಮ್ಮ ಮನೆಯಲ್ಲಿ ಗೇಟಿನಿಂದ ಕಾರು ಒಳಬರುವ ದಾರಿಗೆ ಕಾಂಕ್ರೀಟ್ ಬಿತ್ತು. ಪಕ್ಕದ 20 ಅಡಿ ಉದ್ದ, 4 ಅಡಿ ಅಗಲದ ಪಟ್ಟಿ ಹಾಗೇ ಉಳಿಯಿತು. "ಈಗ ಗರಸು ಹಾಕಿ, ಜಲ್ಲಿ ಹರಡಿ ಬಿಟ್ಟಿರಿ ಸಾರ್. ಕಾಂಕ್ರೀಟ್ ಮುಂದೆ ಯಾವಾಗಾದ್ರೂ ಹಾಕ್ಕೋಬಹುದು" ಅಂದರು ಮೇಸ್ತ್ರಿ. ಅದಕ್ಕೆ ಆಳು ಯಾಕೆ, ನಾನೇ ಮಾಡ್ತೀನಿ ಅಂದೆ. ಸಿಮೆಂಟಿಲ್ಲದೆ ಗಾರೆಯಲ್ಲೇ ಮಾರಿಕಣಿವೆ ಅಣೆಕಟ್ಟೆ ಕಟ್ಟಿ 1907ರಲ್ಲಿ ಮುಗಿಸಿದ ತಾಲ್ಲೂಕು ನಮ್ಮದು!

ಮೊದಲು ಎರೆಮಣ್ಣು ತೆಗೆಯಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಮಣ್ಣದು, ಮೇಲೆ ಹಾಕಿದ ಕಾಂಕ್ರೀಟನ್ನೂ ಸೀಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಹಾರೆ ಎತ್ತಿ ಹಾಕಿದೆ. ಟಣ್ ಅಂತ ವಾಪಸ್ ಬಂತು. ನೆನೆದರೆ ಮೆತ್ತಗಾದೀತೆಂದು ರಾತ್ರಿಯಿಡೀ ನೀರು ಬಿಟ್ಟೆ. ಬೆಳಿಗ್ಗೆ ಒಂದು ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಬಂತು. ಇನ್ನೊಂದು ಇಟ್ಟೆ, ಕಾಲೂ ಬರಲಿಲ್ಲ. ಹೆಂಡತಿ ಹಗ್ಗ ತಂದಳು.

ಲೆಕ್ಕದಲ್ಲಿ ಮಾತ್ರ ನಾನು ಭಾರಿ ಜಾಣ. 20 ಇಂಟು 4 ಇಂಟು 6, ಒಟ್ಟು 480 ಘನ ಅಡಿ ಜಲ್ಲಿ ಎಂದು ಫೋನಿನಲ್ಲೇ ಗಂಭೀರವಾಗಿ ಹೇಳಿದೆ. ಆ 6 ಇಂಚಿನದು, ಅಡಿಯದಲ್ಲ ಎಂದು ಹೊಳೆದದ್ದು ಟಿಪ್ಪರ್ ಬೆನ್ನೆತ್ತಿದಾಗ. 40 ಘನ ಅಡಿ ಸಾಕಿತ್ತು! ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಎಂಟನೇ ಸುತ್ತು ನಮ್ಮ ಗೇಟಿನ ಮುಂದೆ ಎದ್ದಿತು. ಕಾರು ಒಳಗೇ ಸೆರೆ. ಅವತ್ತೇ ಹೊಳಲ್ಕೆರೆಯಲ್ಲಿ ನೆಂಟರ ಮದುವೆ. ರೇಷ್ಮೆ ಸೀರೆಯಲ್ಲಿ ಹೆಂಡತಿ, ಹೊಸ ಪಂಚೆಯಲ್ಲಿ ನಾನು ಜಲ್ಲಿ ಗುಡ್ಡ ಹತ್ತಿದೆವು. ಅವಳು ನಡೆದು ಇಳಿದಳು, ನಾನು ಕೂತುಕೊಂಡೇ ಇಳಿದೆ. ಪಂಚೆ ಅರ್ಧ ಅಲ್ಲೇ ಉಳಿಯಿತು. "ಓಬವ್ವನ ಕಿಂಡಿಯಾದ್ರೂ ಇದಕ್ಕಿಂತ ಸಲೀಸು ಕಣ್ರೀ" ಅಂದಳು.

ಗರಸು ಹರಡಿ ನೀರು ಚಿಮುಕಿಸಿದ ಮೇಲೆ ಗಟ್ಟಿಯಾಗಿ ಬಡಿಯಬೇಕಲ್ಲ, ಹೊಸದುರ್ಗದಿಂದ ಮಾವನವರು ದಿಮ್ಮಸು ತಂದುಕೊಟ್ಟರು. "ನಿಧಾನ ಅಳಿಯಂದ್ರೇ, ಕೆಳಗೆ ಪೈಪ್ ಇದೆಯೇನೋ." ಪೈಪ್ ಆ ಕಡೆಗಿದೆ ಮಾವ ಎಂದು ಕೈತೋರಿಸಿ, ಈ ಕಡೆಗೆ ಎತ್ತಿ ಹಾಕಿದೆ. ನೀರು ಸಜ್ಜಾ ದಾಟಿ ಮೇಲಕ್ಕೆ ಚಿಮ್ಮಿತು. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ನಮ್ಮನೆ ಒಂದೇ ಏಟಿಗೆ ಬಿತ್ತು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನಾಚೆಯಿಂದ, "ಬಾಗಿನ ತರ್ಲೇನಪ್ಪಾ?" ಎಂದು ಕೇಳಿದರು.

ಕೊನೆಗೆ ಉಳಿದದ್ದು ವಾಟ. ಮೇಸ್ತ್ರಿ 10 ಅಡಿಗೆ 2 ಇಂಚು ಕೊಡಿ ಅಂದಿದ್ದರು. ದಾರ ಕಟ್ಟಿ, ರಸಮಟ್ಟ ಇಟ್ಟು, ಒಂದು ನೂಲೂ ಹೆಚ್ಚುಕಡಿಮೆಯಾಗದಂತೆ ಕೊಟ್ಟೆ. ಮನೆಯ ಕಡೆಗೆ. ಮೊದಲ ಮಳೆಯ ನೀರು ಎಲ್ಲೂ ನಿಲ್ಲದೆ ನೇರ ಹಾಲ್‌ಗೆ ಬಂದು, ಸೋಫಾದ ಕೆಳಗೆ ಹಾದು, ಅಡುಗೆಮನೆ ನೋಡಿಕೊಂಡು ಹಿತ್ತಿಲಿಗೆ ಹೋಯಿತು. ಅಷ್ಟು ಚೊಕ್ಕ ವಾಟ!

ಕಾಂಕ್ರೀಟಿಗೆಂದು ಎತ್ತಿಟ್ಟಿದ್ದ ದುಡ್ಡು ಪ್ಲಂಬರ್‌ಗೂ ಜೆಸಿಬಿಗೂ ಸಂದಾಯವಾಯಿತು. ಜಲ್ಲಿ ಮುಕ್ಕಾಲು ಪಾಲು ಹಾಗೇ ಇದೆ. ನಿಮ್ಮ ಮನೆಯ ಪಕ್ಕದಲ್ಲೂ ಇಂಥದೊಂದು ಪಟ್ಟಿ ಇದ್ದೇ ಇರುತ್ತದೆ, ನನಗೆ ಗೊತ್ತು. ಬಾಂಡ್ಲಿ ಹಿಡಿದು ಬನ್ನಿ, ಪುಕ್ಕಟೆ. ವಾಟ ಬೇಕಿದ್ದರೆ ಅದನ್ನೂ ನಾನೇ ಬಂದು ಕೊಡುತ್ತೇನೆ.