ಹಂತಮೀಮಾಂಸೆ: ರಾಕೆಟ್ ಹಂತಗಳ ವರ್ಗೀಕರಣ ಕುರಿತು ನಾಲ್ಕು ತಾಲ್ಲೂಕುಗಳ ವಾದಸಂಗ್ರಹ

ಜ್ಞಾನಭಂಡಾರದಲ್ಲಿ ರಾಕೆಟ್ಟಿನ ಯಾವ ಹಂತವನ್ನು ಯಾವ ಖಾನೆಗೆ ಸೇರಿಸಬೇಕು? ವಿಜ್ಞಾನಿಗಳಿಗೆ ಹಾರಿಸುವ ಕೆಲಸವೇ ಸಾಕಷ್ಟಿದೆ. ಹೀಗಾಗಿ ಈ ಗುರುತರ ಹೊಣೆ ದಾವಣಗೆರೆ ಜಿಲ್ಲೆಯ ನಾಲ್ಕು ಪಂಥಗಳ ಹೆಗಲೇರಿದೆ.

ಬರದ ಸೀಮೆಯ ಜಗಳೂರಿನವರು ಘನವಾದಿಗಳು. ತುಂಗಭದ್ರೆಯ ದಂಡೆಯ ಹೊನ್ನಾಳಿಯವರು ದ್ರವವಾದಿಗಳು. ಇಂಧನವೇ ಜಾತಿ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಪಿಎಸ್‌ಎಲ್‌ವಿ ರಾಕೆಟ್ಟಿನ ಒಂದು, ಮೂರನೆಯ ಹಂತಗಳು ಘನ, ಎರಡು, ನಾಲ್ಕನೆಯವು ದ್ರವವಾದ್ದರಿಂದ ಪಾಲು ಸರಿಹೋಯಿತು. ಎಲ್‌ವಿಎಂ3ರ ಸಿ25 ಹಂತದ ದ್ರವ ಹೈಡ್ರೋಜನ್ನನ್ನೂ ಹೊನ್ನಾಳಿ ತನ್ನದೆಂದಿತ್ತು; ಮೈನಸ್ 253 ಡಿಗ್ರಿ ಎಂದು ಕೇಳಿದ ಮೇಲೆ ಹಕ್ಕು ಬಿಟ್ಟುಕೊಟ್ಟಿತು.

ನ್ಯಾಮತಿ ಪಂಥ ತೀಕ್ಷ್ಣವಾದದ್ದು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಊರಿಗೆ ಬೇರ್ಪಡುವುದೇ ಲಕ್ಷಣ: ಕಳಚಿಕೊಂಡದ್ದೇ ಹಂತ. (1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗದಿಂದ ಜಗಳೂರು ಕಳಚಿಕೊಂಡವು. ಅವು ಕೆಳಗೆ ಬಿದ್ದವೋ ಮೇಲೇರಿದವೋ ಎಂದು ಶಿವಮೊಗ್ಗದವರನ್ನು ಕೇಳಬಾರದು.) ಈ ಲಕ್ಷಣಕ್ಕೆ ಜಿಎಸ್‌ಎಲ್‌ವಿಯೇ ಕಂಟಕ. ಅದರ ನಡುವಿನ ಘನ ಹಂತ ಮೊದಲು ಉರಿದು ಮುಗಿಯುತ್ತದೆ. ಪಕ್ಕದ ನಾಲ್ಕು ಎಲ್40 ದ್ರವ ಹಂತಗಳು ಆ ಖಾಲಿ ಕೊಳವೆಯನ್ನೂ ಹೊತ್ತುಕೊಂಡು ಇನ್ನಷ್ಟು ಹೊತ್ತು ಉರಿಯುತ್ತವೆ. ಆಮೇಲೆ ಐದೂ ಒಟ್ಟಿಗೇ ಬೀಳುತ್ತವೆ. ಐದಕ್ಕೂ ಸೇರಿ ಒಂದೇ ಪಹಣಿಯೇ? ಎಲ್‌ವಿಎಂ3ರದು ಇನ್ನೊಂದು ರಗಳೆ. ಪಕ್ಕದ ಎರಡು ಎಸ್200 ಘನ ಹಂತಗಳು ನೆಲದಲ್ಲೇ ಹೊತ್ತಿಕೊಂಡರೆ, ನಡುವಿನ ಎಲ್110 ಏಳುವುದು ಸುಮಾರು 110 ಸೆಕೆಂಡು ಕಳೆದ ಮೇಲೆ. ಹಾಗಾದರೆ ಎಸ್200 ಮೊದಲನೆಯ ಹಂತವೋ, ಸೊನ್ನೆಯ ಹಂತವೋ? ಸೊನ್ನೆ ಎಂದು ಕರೆಸಿಕೊಳ್ಳಲು ಯಾವ ತಾಲ್ಲೂಕೂ ಮುಂದೆ ಬಂದಿಲ್ಲ.

ಈ ಲೇಖಕನ ಒಲವು ಚನ್ನಗಿರಿಯ ಕಡೆಗೆ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬುವು ಬಗೆಗಳು. ಚೀಟಿ ಹಚ್ಚಿ ಗೋಡೆಗೆ ಒರಗಿಸಿದ ಚೀಲ ಬೇರೆಯೇ ಸಂಗತಿ. ತೂಕ ಚೀಲಕ್ಕುಂಟು, 'ರಾಶಿ' ಎಂಬ ಹೆಸರಿಗಿಲ್ಲ. ಅಂತೆಯೇ ಎಸ್200 ಎಂಬುದು ಬಗೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಎತ್ತಿದ ಎರಡು ಎಸ್200ಗಳು ಚೀಲಗಳು, ಈಗ ಸಮುದ್ರದ ಪಾಲು. ಭಂಡಾರದವರು ಬಗೆಯನ್ನೂ ಚೀಲವನ್ನೂ ಒಂದೇ ಸಾಲಿಗೆ ಬರೆದುಬಿಟ್ಟಾಗ, 'ಎಲ್110 ಎಷ್ಟು ಸಲ ಹಾರಿದೆ' ಎಂದು ಕೇಳಿದರೆ, ಸುಟ್ಟು ನೀರಿಗೆ ಬಿದ್ದ ಹಂತವೇ ಪ್ರತಿ ಸಲ ಮೈಕೊಡವಿ ಎದ್ದು ಬಂದು ಹಾರಿದೆ ಎಂಬ ಪವಾಡಸದೃಶ ಉತ್ತರ ಸಿಗುತ್ತದೆ. ಚನ್ನಗಿರಿ ಮಂಡಿಯಲ್ಲಿ ಮಾರಿದ ಚೀಲವನ್ನೇ ಹೀಗೆ ಮತ್ತೆ ತೂಗಿದ್ದರೆ ಗಲಾಟೆ ಎದ್ದಿರುತ್ತಿತ್ತು.

ಉಳಿದದ್ದು ಒಂದೇ ತಕರಾರು. 2022ರ ಜೂನ್ 30ರ ಪಿಎಸ್‌ಎಲ್‌ವಿ-ಸಿ53 ಉಡಾವಣೆಯಲ್ಲಿ ನಾಲ್ಕನೆಯ ಹಂತ ಕೆಲಸ ಮುಗಿದ ಮೇಲೂ ಕಕ್ಷೆಯಲ್ಲೇ ಉಳಿದು, 'ಪೋಯೆಮ್' ಎಂಬ ಹೆಸರಿನಲ್ಲಿ ಪ್ರಯೋಗಗಳನ್ನು ನಡೆಸಿತು. ಅದು ಹಂತವೋ, ಉಪಗ್ರಹವೋ? ದ್ರವ ಎಂದಿತು ಹೊನ್ನಾಳಿ. ಚೀಟಿ ತೋರಿಸಿ ಎಂದಿತು ಚನ್ನಗಿರಿ. ನ್ಯಾಮತಿಯವರದು ಮಾತ್ರ ಬಿಡದ ಪಟ್ಟು: ಬೇರೆಯಾಗಿ, ಸ್ವಂತ ಕಚೇರಿ ತೆರೆದು, ಕೆಲಸವನ್ನೂ ಶುರುಮಾಡಿದ ಮೇಲೆ ಅದನ್ನು ತಾಲ್ಲೂಕೆಂದು ಘೋಷಿಸಲೇಬೇಕು.