ಕೌದಿ-ಮೌಲ್ಯ ಮೀಮಾಂಸೆ

ಸೊಲ್ಲಾಪುರ ಬಿಟ್ಟು, ಟಾಕಳಿಯ ಹತ್ತಿರ ಭೀಮೆಯನ್ನು ದಾಟಿ, ಧೂಳಖೇಡದಲ್ಲಿ ಕರ್ನಾಟಕ ಸೇರುವ ವಿಜಾಪುರ ರಸ್ತೆಯನ್ನು ಪಂಡಿತಲೋಕ ಈವರೆಗೆ ಬರೀ ರಸ್ತೆಯೆಂದೇ ತಿಳಿದಿದೆ. ಶಾಸ್ತ್ರದೃಷ್ಟಿಯಿಂದ ಅದೊಂದು ಅಳತೆಗೋಲು. ಅದರ ಪಕ್ಕದಲ್ಲಿ ಒಂದು ಕೌದಿಯನ್ನು ಹಾಸಿ ನೋಡಿದರೆ ಕೈಕೆಲಸದ ನ್ಯಾಯಬೆಲೆಯ ಮೂಲಸೂತ್ರ ತಾನೇ ಹೊಳೆಯುತ್ತದೆ: ಹೊಲಿದವಳ ಮುಖದಿಂದ ಕೌದಿ ದೂರವಾದಷ್ಟೂ ಅದರ ಬೆಲೆ ಏರುತ್ತದೆ. ಇದಕ್ಕೆ ದೂರಮೌಲ್ಯವಾದವೆಂದು ಹೆಸರಿಡೋಣ. ಅಕ್ಕಲಕೋಟ ತಾಲೂಕಿನ ಕನ್ನಡ ಮನೆಯೊಂದರಲ್ಲಿ ಹಳೇ ಸೀರೆ, ಹರಿದ ಧೋತರ ಪದರು ಪದರಾಗಿ ಕೂಡಿ ಕೌದಿಯಾದಾಗ ಅದಕ್ಕೆ ಬೆಲೆಯಿಲ್ಲ. ಮೊಮ್ಮಗ ಹೊದ್ದು ಮಲಗಿದರೆ ಲೆಕ್ಕ ಚುಕ್ತಾ. ಓಣಿಯವರಿಗೆ ಹೊಲಿದುಕೊಟ್ಟರೆ ಕೂಲಿ ಹುಟ್ಟುತ್ತದೆ, ಅದರ ಅವಳಿಯಾಗಿ ಚೌಕಾಸಿಯೂ. ಪುಣೆಯ ಅಂಗಡಿಗೆ ಹೋದರೆ ಬೆಲೆಚೀಟಿ ಬರುತ್ತದೆ, ಚೌಕಾಸಿ ಸಾಯುತ್ತದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಗಳಂತೆ ಅಮೆರಿಕದ ಪ್ರದರ್ಶನದ ಗೋಡೆ ಏರಿತೋ, ಅದು ಅಮೂಲ್ಯ. ಅಂದರೆ ಹಾದಿಯ ಎರಡೂ ತುದಿಗೆ ಬೆಲೆಯೆಂಬುದಿಲ್ಲ, ವ್ಯತ್ಯಾಸವೆಲ್ಲ ವ್ಯಾಕರಣದ್ದು.

ಗಣಿತವಿಲ್ಲದೆ ಶಾಸ್ತ್ರವಿಲ್ಲ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಯೊಂದನ್ನು ಕಲ್ಪಿಸಿಕೊಳ್ಳಿ. ಅರ್ಧ ಇಂಚಿಗೊಂದು ಸಾಲಿನಂತೆ 96 ಸಾಲು, ಇಂಚಿಗೆ ಮೂರು ಹೊಲಿಗೆಯಂತೆ ಸಾಲಿಗೆ 216, ಒಟ್ಟು 20,736. ಹೊಲಿಗೆಗೆ ಒಂದೇ ಪೈಸೆ ಹಿಡಿದರೂ ಕೂಲಿ 207 ರೂಪಾಯಿ 36 ಪೈಸೆ. ಆದರೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನೆಲ್ಲ ಸರ್ಕಾರ 2011ರ ಜೂನ್ 30ರಿಂದ ಚಲಾವಣೆಯಿಂದ ತೆಗೆದಿರುವ ಕಾರಣ, ಒಂದು ಹೊಲಿಗೆಗೆ ಕೊಡಲು ದೇಶದಲ್ಲಿ ನಾಣ್ಯವೇ ಇಲ್ಲ. 36 ಪೈಸೆಯನ್ನು ಗಿರಾಕಿ ಕಾನೂನಿನ ಮೇಲಿನ ಗೌರವದಿಂದ ಬಿಡುತ್ತಾನೆ, ಏಳು ರೂಪಾಯಿಯನ್ನು ಅಭ್ಯಾಸಬಲದಿಂದ.

ಇಲ್ಲಿ ಮೊದಲ ಪೂರ್ವಪಕ್ಷಿಯ ಪ್ರವೇಶ: "ಅರಿವಿ ನಮ್ದ, ದಾರಾನೂ ನಮ್ದ, ನಿಂದೇನೈತಿ ಇದ್ರಾಗ?" ವಾದ ಗಟ್ಟಿಯಾಗಿದೆ. ಆದರೆ ಇದನ್ನು ಒಪ್ಪಿದರೆ, ಮೈ ನಮ್ಮದು, ಜ್ವರವೂ ನಮ್ಮದು ಎಂದು ಡಾಕ್ಟರರ ಫೀ ತಪ್ಪಿಸಬೇಕಾಗುತ್ತದೆ. ಆ ಪ್ರಯೋಗ ಮಾಡಿದ ಗಿರಾಕಿ ಶಾಸ್ತ್ರದಲ್ಲೆಲ್ಲೂ ಕಾಣುವುದಿಲ್ಲ. ಎರಡನೆಯವನು ಮಾರ್ಕ್ಸ್‌ವಾದಿ. ಇಂಗ್ಲೆಂಡಿಗೆ ಯಂತ್ರಮಗ್ಗ ಬಂದಾಗ ಕೈಮಗ್ಗದವನ ಒಂದು ತಾಸಿನ ದುಡಿಮೆಯ ಬೆಲೆ ಅರ್ಧ ತಾಸಿನಷ್ಟಕ್ಕೆ ಇಳಿಯಿತೆಂದು ಮಾರ್ಕ್ಸ್ ಬರೆದಿದ್ದಾನೆ. ಹಾಗಿದ್ದರೆ ಸೊಲ್ಲಾಪುರದ ಯಂತ್ರಮಗ್ಗಗಳ ಖಟಪಟ ಕೇಳಿಸುವಷ್ಟು ದೂರದಲ್ಲಿ ಹೊಲಿದ ಕೌದಿ ಅಗ್ಗವಾಗಲೇಬೇಕಲ್ಲವೇ? ಆಗಬೇಕಿತ್ತು, ಯಂತ್ರ ಕೌದಿಯನ್ನು ಮಾಡುವಂತಿದ್ದರೆ. ಅದು ಮಾಡುವುದು ಚಾದರವನ್ನು. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಉಂಟು, ಪೊಟ್ಟಣವುಂಟು, ಪೊಟ್ಟಣದ ಮೇಲೆ ಅಚ್ಚಾದ ಬೆಲೆಯುಂಟು. ಅಚ್ಚಾದ ಅಂಕಿಯ ಮುಂದೆ ಗಿರಾಕಿ ದೇವರ ಮುಂದೆ ನಿಂತಂತೆ ನಿಲ್ಲುತ್ತಾನೆ. ಅದೇ ಅಂಕಿ ಹೆಂಗಸಿನ ಬಾಯಿಂದ ಬಂದರೆ ಅದು ಚರ್ಚೆಯ ಆರಂಭ. ಆದ್ದರಿಂದ ಕೌದಿಗೆ ಕೊರತೆಯಾಗಿರುವುದು ಮೌಲ್ಯವಲ್ಲ, ಪ್ಲಾಸ್ಟಿಕ್ ಚೀಲ.

ಮೂರನೆಯ ಪೂರ್ವಪಕ್ಷಿ ಎಲ್ಲರಿಗಿಂತ ಅಪಾಯಕಾರಿ, ಏಕೆಂದರೆ ಅವನು ಭಕ್ತ. ಸೊಲ್ಲಾಪುರವೆಂದರೆ ಸೊನ್ನಲಿಗೆ, ಕೆರೆ ಕಟ್ಟಿಸಿದ ಸಿದ್ಧರಾಮನ ನೆಲ. ಇಲ್ಲಿ ದುಡಿಮೆಯೆಂದರೆ ಕಾಯಕ, ಅದಕ್ಕೆ ಬೆಲೆ ಕಟ್ಟಬಹುದೇ ಎಂದು ಕೈಮುಗಿದು ಕೇಳುತ್ತಾನೆ. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಮರಳಿ ಸುರಿದು ಬರಲು ಕಳಿಸಿದ್ದನ್ನೂ ನೆನಪಿಸುತ್ತಾನೆ. ನಿಜವೇ. ಆದರೆ ಆ ಮಾತನ್ನು ಹೇಳಿದ್ದು ದುಡಿಯುವ ಮನೆಯ ಲಕ್ಕಮ್ಮ, ತನ್ನ ಗಂಡನಿಗೆ. ಕೊಳ್ಳಲು ಬಂದ ಗಿರಾಕಿ ಅದನ್ನು ಲಕ್ಕಮ್ಮನಿಗೆ ಹೇಳಿದ್ದಲ್ಲ. ಶರಣರ ಸಂಯಮವನ್ನು ಮಾರುವವರಿಗೆ ಮಾತ್ರ ಉಪದೇಶಿಸಿ ಕೊಳ್ಳುವವರಿಗೆ ರಿಯಾಯಿತಿ ಕೊಡುವ ಈ ವ್ಯಾಖ್ಯಾನ 12ನೇ ಶತಮಾನದ್ದಲ್ಲ, ಸಂತೆಯದು.

ಹೀಗೆ ಮೂವರೂ ಸೋತ ಮೇಲೆ ಉಳಿಯುವುದು ನ್ಯಾಯಬೆಲೆಯನ್ನು ಕಂಡುಹಿಡಿಯುವ ವಿಧಾನ. ಕೌದಿಯನ್ನು ಅಮೆರಿಕಕ್ಕೆ ಕಳಿಸಿ ತರಿಸುವುದು ದುಬಾರಿ. ಅದಕ್ಕಿಂತ ಸುಲಭವಾದದ್ದು ಸೂಜಿಪ್ರಯೋಗ: ಗಿರಾಕಿಯನ್ನು ಅಂಗಳದಲ್ಲಿ ಕೂಡಿಸಿ, ಕೈಗೆ ಸೂಜಿ ಕೊಟ್ಟು, 216 ಹೊಲಿಗೆಯ ಒಂದೇ ಒಂದು ಸಾಲು ಹಾಕಿಸಬೇಕು. ಮುಗಿಸಿದ ಮೇಲೆ ಅದಕ್ಕೆ ಎಷ್ಟು ಕೊಡಬೇಕೆಂದು ಅವನನ್ನೇ ಕೇಳಿ, ಬಂದ ಉತ್ತರವನ್ನು 96ರಿಂದ ಗುಣಿಸಬೇಕು. ದಾರ ಪೋಣಿಸಿಕೊಡುವ ಕೂಲಿ ಬೇರೆ.